ಪಕ್ಕದಲ್ಲಿ ಕೂತವಳು

ಅವಳು ನಿಂತಳು. ಆದರೆ ಅವಳ ಹೆಜ್ಜೆ ಸದ್ದು ನಿಲ್ಲಲಿಲ್ಲ!

ಟಕ್... ಟಕ್... ಸರ್ರ್... ಟಕ್.

ಸ್ಟುಡಿಯೋದ ಉದ್ದನೆಯ ಕಾರಿಡಾರಿನಲ್ಲಿ ಬೆಳಗಿನ ಬಿಸಿಲು ಅರ್ಧ ಗೋಡೆಯವರೆಗೆ ಹತ್ತಿತ್ತು. ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ. ಆದರೂ ಹೆಜ್ಜೆಗಳು ನಡೆಯುತ್ತಲೇ ಇದ್ದವು. ಅದೂ ಯಾರ ಹೆಜ್ಜೆ? ಚಿಕ್ಕವಳಿದ್ದಾಗ ಬಿದ್ದು ಮುರಿದುಕೊಂಡ ಎಡಗಾಲನ್ನು ಅವಳು ಇಂದಿಗೂ ಒಂದಿಷ್ಟು ಎಳೆದು ಇಡುತ್ತಾಳೆ. ಉದ್ದ ಲಂಗ, ನಿಧಾನದ ನಡಿಗೆ, ಏನೇನೋ ಉಪಾಯ ಮಾಡಿ ಜನರ ಕಣ್ಣಿನಿಂದ ಅದನ್ನು ಮುಚ್ಚಿಟ್ಟಿದ್ದಳು. ಆ ಎಳೆತವೂ ಹಾಗೆಯೇ ಕೇಳಿಸುತ್ತಿತ್ತು!

'ನಾನು ಇಲ್ಲಿ ನಿಂತಿದ್ದರೆ... ಅಲ್ಲಿ ನಡೀತಿರೋದು ಯಾರು?'

ಸದ್ದು ಬರುತ್ತಿದ್ದುದು ಕೊನೆಯ ಬಾಗಿಲಿನ ಹಿಂದಿನಿಂದ. ಓಡಿಹೋಗಬಹುದಿತ್ತು. ಆದರೆ ನಮ್ಮ ಹುಡುಗಿಗೆ ಹೆದರಿಕೆಗಿಂತ ಕುತೂಹಲ ಒಂದು ಗುಲಗಂಜಿಯಷ್ಟು ಜಾಸ್ತಿ. ಬಾಗಿಲು ತಳ್ಳಿದಳು.

ಒಳಗೆ ಒಬ್ಬ ಗಂಡಸು! ಪ್ಯಾಂಟು ಮೇಲಕ್ಕೆ ಮಡಚಿ, ತನ್ನ ದೊಡ್ಡ ಪಾದಗಳನ್ನು ಹೆಂಗಸರ ಎತ್ತರದ ಚಪ್ಪಲಿಗೆ ತುರುಕಿಕೊಂಡು, ಮೈಕಿನ ಮುಂದೆ ಕಲ್ಲಿನ ಚಪ್ಪಡಿಯ ಮೇಲೆ ನಿಂತಲ್ಲೇ ನಡೆಯುತ್ತಿದ್ದ. ಕಣ್ಣು ಮುಚ್ಚಿದ್ದ.

"ಯಾ... ಯಾರ ನಡಿಗೆ ಅದು?"

"ನಿಮ್ಮದೇ," ಎಂದ ಕಣ್ಣು ಬಿಡದೆ. "ಬಾಗಿಲವರೆಗೆ ಬಂದ್ರಲ್ಲ, ಗೊತ್ತಾಯ್ತು. ನಿಮ್ಮ ಎಡಗಾಲು ಸ್ವಲ್ಪ ಯೋಚನೆ ಮಾಡಿ ಬರುತ್ತೆ."

ಎಡಗಾಲು ಯೋಚನೆ ಮಾಡಿ ಬರುತ್ತೆ! ಕುಂಟು ಅನ್ನಲಿಲ್ಲ, ಎಳೆಯುತ್ತೆ ಅನ್ನಲಿಲ್ಲ. ಅವಳ ಎದೆಯೊಳಗೆ ಏನೋ ಒಂದು ಮೆಲ್ಲಗೆ ಜಾರಿತು.

ಸಿನಿಮಾದಲ್ಲಿ ನಾವು ಕೇಳುವ ಹೆಜ್ಜೆ, ಬಟ್ಟೆಯ ಸರಪರ, ಬಾಗಿಲಿನ ಕಿರಕಿರ, ಇವನ್ನೆಲ್ಲ ಆಮೇಲೆ ಕೋಣೆಯೊಳಗೆ ಮಾಡಿ ಸೇರಿಸುತ್ತಾರೆ. ಅದೇ ಅವನ ಕೆಲಸ. ಸ್ಟುಡಿಯೋದವರು ಅವನನ್ನು ಸದ್ದಪ್ಪ ಎಂದು ಕರೆಯುತ್ತಿದ್ದರು. ಈ ಸಿನಿಮಾ ಒಂದಕ್ಕೆಂದು ಬಂದಿದ್ದ. ಅದರ ನಾಯಕಿಗೆ ಧ್ವನಿ ಕೊಡುತ್ತಿದ್ದವಳು ನಮ್ಮ ಹುಡುಗಿ. ಅವಳಿಗೆ ಬಿದ್ದ ಹೆಸರು ಗಿಣಿ. ಬೇರೆಯವರ ಮಾತು ಆಡುವವಳಲ್ಲವೇ, ಅದಕ್ಕೆ.

"ದಿನಾ ಕಾರಿಡಾರಿನಲ್ಲಿ ನಿಮ್ಮ ಹೆಜ್ಜೆ ಕೇಳ್ತೀನಿ. ಹೀರೋಯಿನ್ ಧ್ವನಿ ನಿಮ್ಮದು ಅಂದ್ರು. ನಡಿಗೆ ಇನ್ಯಾರದ್ದೋ ಆದ್ರೆ ಅವಳು ಪೂರ್ತಿ ಆಗಲ್ಲ ಅನ್ನಿಸ್ತು. ತಪ್ಪಾಯ್ತಾ?"

"ಕೇಳದೆ ತಗೊಂಡಿದ್ದು ತಪ್ಪು. ಮೊದಲು ಆ ಚಪ್ಪಲಿ ಬಿಚ್ಚಿ, ಪಾಪ, ಕಿತ್ತೇಹೋಗುತ್ತೆ!"

ಅವನು ಕಣ್ಣು ಬಿಟ್ಟು ನಕ್ಕ. ಅಲ್ಲಿಂದ ಶುರುವಾಯಿತು ನೋಡಿ.

* * *

ಧ್ವನಿಯ ಕೆಲಸವನ್ನು ಗಿಣಿಗೆ ಕಲಿಸಿದವರು ಒಬ್ಬ ವಯಸ್ಸಾದ ಮೇಡಂ. ಬಹಳ ಖಡಕ್ಕು. "ಮೈಕಿನ ಮುಂದೆ ನಿಂತ ಮೇಲೆ ನಿನ್ನ ಕೆಮ್ಮು, ಸೀನು, ಸುಸ್ತು, ನಿನ್ನದು ಅನ್ನೋದು ಯಾವುದೂ ಒಳಗೆ ಬರಬಾರದು. ಎಲ್ಲಾ ಪಕ್ಕಕ್ಕೆ!" ಎನ್ನುತ್ತಿದ್ದರು. ಮರೆತರೆ ಕೆನ್ನೆಗೆ ಒಂದು ಏಟು. ಹಾಗೆ ಕಲಿತು ಕಲಿತು ಗಿಣಿ ಎಷ್ಟು ಪಳಗಿದ್ದಳೆಂದರೆ, ಕೆಲಸ ಮುಗಿದ ಮೇಲೂ ತನ್ನದು ಅನ್ನುವುದನ್ನು ಹೊರಗೆ ತರುತ್ತಿರಲಿಲ್ಲ.

ಸದ್ದಪ್ಪನೋ, ಬಾಯಿಗೆ ಬೀಗವೇ ಇಲ್ಲದವನು. ರಜೆಯ ದಿನ ಇಬ್ಬರೂ ತಮ್ಮ ತಮ್ಮ ಪಾಡಿಗೆ ಒಂದು ಸಿನಿಮಾ ನೋಡುವುದು, ಮಧ್ಯಾಹ್ನ ಫೋನಿನಲ್ಲಿ ಧ್ವನಿ ಮೆಸೇಜ್ ಕಳಿಸಿ ಹೇಗಿತ್ತು ಅಂತ ಹೇಳುವುದು, ಹೀಗೊಂದು ರೂಢಿ ಬೆಳೆಯಿತು.

"ದೀಪಸ್ತಂಭದ ಕಾವಲುಗಾರನ ಸಿನಿಮಾ ನೋಡಿದ್ರಾ? ಅಷ್ಟು ದೊಡ್ಡ ಬಿರುಗಾಳಿ ಬೀಸಿದ್ರೂ ಹೀರೋ ಕೂದಲು ಒಂದೆಳೆ ಅಲ್ಲಾಡಲಿಲ್ಲ ರೀ! ಏನು ಎಣ್ಣೆ ಹಚ್ತಾನೋ ಕೇಳಬೇಕು."

"ನೋಡಿದೆ. ಚೆನ್ನಾಗಿತ್ತು. ಎಲ್ಲರೂ ಚೆನ್ನಾಗಿ ಮಾಡಿದಾರೆ," ಎಂದು ಗಿಣಿಯ ಉತ್ತರ.

"ಆ ಅವಳಿ ತಮ್ಮಂದಿರ ಕಾಮಿಡಿ? ಮೊದಲರ್ಧ ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು. ಎರಡನೇ ಅರ್ಧ ಡೈರೆಕ್ಟರ್ ನಿದ್ದೆ ಹೋಗಿದಾರೆ."

"ಹೂಂ, ಚೆನ್ನಾಗಿತ್ತು. ಹಾಡು ಕೂಡ ಚೆನ್ನಾಗಿತ್ತು."

ಎಲ್ಲವೂ ಚೆನ್ನಾಗಿತ್ತು! ಆದರೆ ಅವನ ಮೆಸೇಜ್ ಬಂದಾಗ ಇವಳ ಮುಖ ಅರಳುತ್ತಿದ್ದುದನ್ನು ನೀವು ನೋಡಬೇಕಿತ್ತು. ರಜೆಯ ಮಧ್ಯಾಹ್ನಕ್ಕಾಗಿ ವಾರವಿಡೀ ಕಾಯುತ್ತಿದ್ದಳು. ಪ್ರೀತಿ ಅಂತ ಹೆಸರಿಡಲು ಮಾತ್ರ ಧೈರ್ಯ ಬರಲಿಲ್ಲ.

ಒಂದು ರಜೆಯ ದಿನ, ಗಂಡನಿಗಾಗಿ ಕಾಯುವ ಹೆಂಡತಿಯ ಸಿನಿಮಾ ನೋಡಿ "ತುಂಬಾ ಚೆನ್ನಾಗಿತ್ತು" ಅಂತ ಕಳಿಸಿದಳು. ಅವನ ಉತ್ತರ ಬರಲು ತಡವಾಯಿತು.

"ಒಂದು ಮಾತು ಕೇಳ್ಲಾ? ನಿಮ್ಮ ಪಕ್ಕ ಕೂತಿರ್ತಾರಲ್ಲ... ಅವರಿಗೆ ಈ ಸಿನಿಮಾ ಇಷ್ಟ ಆಗಿಲ್ಲ ಅಲ್ವಾ?"

ಗಿಣಿ ಫೋನನ್ನು ಮೇಜಿನ ಮೇಲಿಟ್ಟು ಸುತ್ತ ನೋಡಿದಳು. ಮಹಡಿಯ ಮೇಲಿನ ಒಂಟಿ ಕೋಣೆ. ಮಂಚ, ಮೇಜು, ಎರಡು ಕುರ್ಚಿ. ಒಂದರ ಮೇಲೆ ಅವಳು. ಇನ್ನೊಂದು ಪಕ್ಕದಲ್ಲಿ, ಖಾಲಿ.

"ನನ್ನ ಪಕ್ಕ... ಯಾರು?"

"ನೀವು ಮಾತಾಡುವಾಗ ಒಬ್ಬರು ಉಸಿರಾಡ್ತಾರೆ. ಒಂದು ಕುರ್ಚಿಯಷ್ಟು ದೂರದಲ್ಲಿ. ಹೆಂಗಸು ಅನ್ಸುತ್ತೆ. ನೀವು 'ಚೆನ್ನಾಗಿತ್ತು' ಅಂದಾಗೆಲ್ಲ ಅವರು ನಿಟ್ಟುಸಿರು ಬಿಡ್ತಾರೆ."

ಮೈಯೆಲ್ಲ ಜುಮ್ಮೆಂದಿತು! ಹೊರಗೆ ಸುಡು ಬಿಸಿಲು, ಕೆಳಮನೆಯ ಓನರ್ ಆಂಟಿ ಬಟ್ಟೆ ಒಗೆಯುವ ಸದ್ದು. ಒಳಗೆ ಅವಳ ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು. ಇಯರ್‌ಫೋನ್ ಸಿಕ್ಕಿಸಿ ತನ್ನದೇ ಮೆಸೇಜ್ ಕೇಳಿದಳು.

"ತುಂಬಾ ಚೆನ್ನಾಗಿತ್ತು..."

ಹಾ...

ಇತ್ತು! ದೂರದಿಂದ, ಪಕ್ಕದಿಂದ, ದಣಿದ ಒಂದು ಉಸಿರು. ಹಳೆಯ ಮೆಸೇಜುಗಳನ್ನು ತೆರೆದಳು. ದೀಪಸ್ತಂಭದ ಸಿನಿಮಾಕ್ಕೂ ಇತ್ತು. ಅವಳಿ ತಮ್ಮಂದಿರ ಸಿನಿಮಾಕ್ಕೂ ಇತ್ತು. ಯಾರೋ ಇಷ್ಟು ದಿನವೂ ಅವಳ ಪಕ್ಕದಲ್ಲೇ ಕೂತು, ಅವಳ ಮಾತನ್ನೆಲ್ಲ ಕೇಳಿ, ಬೇಸರಪಟ್ಟುಕೊಂಡಿದ್ದರು!

ಖಾಲಿ ಕುರ್ಚಿಯನ್ನು ಎತ್ತಿ ಹೊರಗಿನ ಮೆಟ್ಟಿಲ ಮೇಲೆ ಇಟ್ಟು ಬಾಗಿಲು ಹಾಕಿದಳು. ಇನ್ನೊಮ್ಮೆ ಮಾತಾಡಿ ರೆಕಾರ್ಡ್ ಮಾಡಿ ಕೇಳಿದಳು.

ಉಸಿರು ಅಲ್ಲೇ ಇತ್ತು. ಈ ಸಲ ಇನ್ನಷ್ಟು ಜೋರಾಗಿ!

* * *

ಅಕ್ಕನಿಗೆ ಫೋನು ಮಾಡಿದಳು. ಅಕ್ಕ ಪೂರ್ತಿ ಕೇಳಿ ಗಟ್ಟಿಯಾಗಿ ನಕ್ಕಳು.

"ಏನಂದೆ? ಸಿನಿಮಾ ಬೇಜಾರಾದ್ರೆ ನಿಟ್ಟುಸಿರು ಬಿಡೋ ದೆವ್ವನಾ? ನಿಮ್ಮ ಭಾವನಿಗಿಂತ ವಾಸಿ ಕಣೇ, ಅವರು ಗೊರಕೆ ಹೊಡೀತಾರೆ!"

"ಅಕ್ಕಾ, ನನ್ನ ಜೀವ ಹೋಗ್ತಿದೆ, ನಿನಗೆ ತಮಾಷೆ!"

"ಸರಿ ಸರಿ, ಅಳಬೇಡ." ಅಕ್ಕನ ದನಿ ಮೆತ್ತಗಾಯಿತು. "ಒಂದು ಕೇಳ್ತೀನಿ. ಆ ಸಿನಿಮಾ ನಿಜವಾಗ್ಲೂ ನಿನಗೆ ಹಿಡಿಸ್ತಾ? ಚಿಕ್ಕವಳಿದ್ದಾಗ ಬೇಜಾರಾದ್ರೆ ಅಪ್ಪನ ತೋಳು ಜಗ್ಗಿ ಅರ್ಧಕ್ಕೇ ಎಬ್ಬಿಸ್ಕೊಂಡು ಬರ್ತಿದ್ದೆ. ಈಗ ಎಲ್ಲದಕ್ಕೂ ಚೆನ್ನಾಗಿದೆ, ಚೆನ್ನಾಗಿದೆ. ನಿನ್ನ ಹತ್ರ ಮಾತಾಡಿದ್ರೆ ಯಾವುದೋ ಹೀರೋಯಿನ್ ಹತ್ರ ಮಾತಾಡಿದ ಹಾಗಿರುತ್ತೆ."

ಗಿಣಿ ಫೋನು ಇಟ್ಟಳು. 'ನನಗೆ ಏನು ಇಷ್ಟ?' ಅಂತ ಕೇಳಿಕೊಂಡಳು. ಗೊತ್ತಾಗಲಿಲ್ಲ. ಆ ಹೆದರಿಕೆ ದೆವ್ವದ ಹೆದರಿಕೆಗಿಂತ ದೊಡ್ಡದಾಗಿತ್ತು.

* * *

ಮಾರನೆಯ ದಿನ ಟೀ ಕುಡಿಯುವ ಹೊತ್ತಿಗೆ ಸದ್ದಪ್ಪ ತಾನಾಗಿಯೇ ಬಂದ. ಯಾವತ್ತಿನ ನಗು ಇರಲಿಲ್ಲ.

"ನನ್ನ ಕೆಲಸ ಈ ಶನಿವಾರ ಮುಗಿಯುತ್ತೆ. ಬೇರೆ ಊರಿನ ಸ್ಟುಡಿಯೋದವರು ಕರೀತಿದಾರೆ. ಹೋಗೋ ಮುಂಚೆ..." ತಡವರಿಸಿದ. "ಅವರನ್ನ ಒಂದ್ಸಲ ಭೇಟಿ ಮಾಡಿಸ್ತೀರಾ?"

"ಯಾರನ್ನ?"

"ನಿಮ್ಮ ಪಕ್ಕ ಕೂತಿರೋರನ್ನ." ಅವನ ಕಿವಿ ಕೆಂಪಗಾಗಿತ್ತು. "ಹುಚ್ಚ ಅನ್ಕೋಬೇಡಿ. ಅವರು ಒಂದು ಮಾತೂ ಆಡಿಲ್ಲ. ಆದ್ರೂ ಅವರಿಗೆ ಯಾವುದು ಹಿಡಿಸ್ತು, ಎಲ್ಲಿ ನಗು ಬಂತು, ಎಲ್ಲಿ ಅಳು ತಡ್ಕೊಂಡ್ರು, ಎಲ್ಲಾ ಆ ಉಸಿರಲ್ಲೇ ಗೊತ್ತಾಗುತ್ತೆ. ಒಂದೊಂದು ಮೆಸೇಜ್ ಎಷ್ಟು ಸಲ ಕೇಳಿದೀನೋ ನನಗೇ ಲೆಕ್ಕ ಇಲ್ಲ."

ಎದೆಯ ಮೇಲೆ ಬಂಡೆ ಬಿದ್ದಂತಾಯಿತು! ತಾನು ಆಸೆಯಿಂದ ಕಳಿಸಿದ ಮೆಸೇಜುಗಳು... ಅವನು ಅವುಗಳಲ್ಲಿ ಕೇಳಿದ್ದು ಇವಳನ್ನಲ್ಲ! ಅಯ್ಯೋ, ಯಾರಿಗೆ ಬರುತ್ತೆ ಇಂಥ ಗತಿ? ದೆವ್ವದ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ!

'ನನ್ನ ನಡಿಗೆ, ನನ್ನ ಮಾತು, ನನ್ನ ರಜೆ, ಎಲ್ಲಾ ಇವನಿಗೆ ಕೊಟ್ಟೆ... ನಡುವೆ ಬಂದು ಕೂತವಳು ಇವನನ್ನೂ ಕರ್ಕೊಂಡು ಹೋಗ್ತಾಳಾ?'

"ನನ್ನ ಪಕ್ಕ ಯಾರೂ ಇರಲ್ಲ," ಎಂದಳು.

ಅವನು ನಂಬಲಿಲ್ಲ. "ಬೇಡ ಅಂದ್ರೆ ಬೇಡ ಬಿಡಿ," ಎಂದು ಲೋಟ ಇಟ್ಟು ಹೊರಟುಹೋದ.

ಅನಂತರ ಮೆಸೇಜುಗಳು ನಿಂತವು. ಗಿಣಿ ತನ್ನ ಕೋಣೆಯಲ್ಲಿ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಿದ್ದಳು. ಮೆಟ್ಟಿಲ ಮೇಲಿನ ಕುರ್ಚಿಯಲ್ಲಿ ಓನರ್ ಆಂಟಿಯ ಬೆಕ್ಕು ಮಲಗಿರುತ್ತಿತ್ತು. ಒಮ್ಮೆ ಅದು ಎದ್ದು ಬಂದು, ಅವಳ ಬಲಗಡೆಯ ಖಾಲಿ ಜಾಗವನ್ನೇ ಬಹಳ ಹೊತ್ತು ನೋಡಿತು.

* * *

ಶನಿವಾರ. ಸದ್ದಪ್ಪ ಚಪ್ಪಲಿ, ಸರಪಳಿ, ಹಳೇ ಬಾಗಿಲಿನ ಚಿಲಕ, ತನ್ನ ಸರಂಜಾಮನ್ನೆಲ್ಲ ಪೆಟ್ಟಿಗೆಗೆ ತುಂಬುತ್ತಿದ್ದ. ಬಾಗಿಲು ತೆರೆಯಿತು.

"ಬಂದಿದೀನಿ," ಎಂದಳು ಗಿಣಿ. ಮುಖ ಬಿಳಿಚಿಕೊಂಡಿತ್ತು. "ಅವಳನ್ನೂ ಕರ್ಕೊಂಡು ಬಂದಿದೀನಿ."

ಅವನು ಆತುರದಿಂದ ಅವಳ ಬೆನ್ನ ಹಿಂದೆ ನೋಡಿದ. ಖಾಲಿ ಕಾರಿಡಾರು.

"ಎಲ್ಲಿ?"

"ನನಗೆ ಕಾಣಲ್ಲ. ಆ ಮನೇಲಿ ನಾನೊಬ್ಬಳೇ ಇರೋದು, ನಮ್ಮಕ್ಕನಾಣೆ. ಆದ್ರೆ ಉಸಿರು ಕೇಳಿಸ್ತು. ನನಗೂ ಕೇಳಿಸ್ತು." ಕಣ್ಣಲ್ಲಿ ನೀರು ತುಂಬಿತು. "ಅವಳು ಯಾರು ಅಂತ ನೀವೇ ಹೇಳಬೇಕು. ನೀವು ಹೋದ್ಮೇಲೆ ನಾನು ಅವಳ ಜೊತೆ ಒಬ್ಬಳೇ ಇರೋಕಾಗಲ್ಲ!"

ಅವನ ಮುಖದ ಬಣ್ಣವೂ ಇಳಿಯಿತು. ಮೈಕ್ ಎಳೆದು ಅವಳ ಮುಂದಿಟ್ಟ. ತಾನು ಹತ್ತಿರದ ಸ್ಟೂಲಿನ ಮೇಲೆ ಕೂತು, ಎಂದಿನಂತೆ ಕಣ್ಣು ಮುಚ್ಚಿದ.

"ಕಾಯುವ ಹೆಂಡತಿಯ ಸಿನಿಮಾ. ಅದರ ಬಗ್ಗೆ ಹೇಳಿ. ಮೆಸೇಜ್ ಕಳಿಸೋ ಹಾಗೇ."

ಗಿಣಿಯೂ ಹೆದರಿ ಕಣ್ಣು ಮುಚ್ಚಿದಳು. "ಸಿನಿಮಾ... ಚೆನ್ನಾಗಿತ್ತು. ಅವಳು ಕೊನೇವರೆಗೂ ಕಾದಿದ್ದು... ತುಂಬಾ ಚೆನ್ನಾಗಿತ್ತು..."

ಹಾ...

"ಬಂದ್ರು," ಅವನು ಪಿಸುಗುಟ್ಟಿದ. ಅವನ ತೋಳಿನ ಕೂದಲು ನಿಮಿರಿತ್ತು. "ನಿಮ್ಮ ಬಲಗಡೆ. ಕೈ ಚಾಚಿದ್ರೆ ಸಿಗ್ತಾರೆ."

"ಬೇಡ! ಮುಟ್ಟಬೇಡಿ!"

"ಮಾತಾಡ್ತಾ ಇರಿ..."

ಅವನ ಕೈ ಗಾಳಿಯಲ್ಲಿ ಮುಂದೆ ಬಂತು. ಉಸಿರು ಬಂದ ಕಡೆಗೆ, ಯಾರೂ ಇಲ್ಲದ ಕಡೆಗೆ. ಬೆರಳ ತುದಿಗೆ ಬೆಚ್ಚನೆಯ ಗಾಳಿ ತಾಕಿತು. ಅನಂತರ ಒಂದು ಕೆನ್ನೆ. ಒದ್ದೆಯಾದ ಕೆನ್ನೆ.

ಇಬ್ಬರೂ ಒಟ್ಟಿಗೇ ಕಿರುಚಿದರು! ಇಬ್ಬರೂ ಕಣ್ಣು ಬಿಟ್ಟರು.

ಅವನ ಅಂಗೈ ಗಿಣಿಯ ಕೆನ್ನೆಯ ಮೇಲಿತ್ತು. ಅವಳ ಮುಖ ಮೈಕಿನ ಎದುರಿಗಿರಲಿಲ್ಲ, ಪೂರ್ತಿ ಬಲಕ್ಕೆ ತಿರುಗಿತ್ತು.

"ನೀವು... ಇಲ್ಲಿ ಯಾಕಿದೀರಿ?" ಎಂದ ಪೆದ್ದನಂತೆ.

"ಉಸಿರು ತಗೊಳ್ಳೋಕೆ... ಮೈಕಿಗೆ ಬೀಳಬಾರದಲ್ಲ..." ಮೇಡಂ ಕೊಟ್ಟ ಕೆನ್ನೆಯೇಟು ನೆನಪಾಯಿತು. ನಿನ್ನದು ಅನ್ನೋದು ಎಲ್ಲಾ ಪಕ್ಕಕ್ಕೆ! ವರ್ಷಗಟ್ಟಲೆ ಮೈಕ್ ಕಂಡರೆ ಸಾಕು, ಗೊತ್ತಿಲ್ಲದೆಯೇ ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಬಿಡುತ್ತಿದ್ದಳು. ಮೇಜಿನ ಮೇಲಿನ ಫೋನಿಗೂ ಹಾಗೇ ಮಾಡಿದ್ದಳು.

ಸದ್ದುಗಳ ಕೋಣೆಯಲ್ಲೇ ಬೆಳೆದವನಿಗೆ ಧ್ವನಿಯವರ ಈ ಅಭ್ಯಾಸ ಗೊತ್ತಿರಲಿಲ್ಲ. ಅವಳು ಮಾತಾಡುವಾಗ ಒಮ್ಮೆಯಾದರೂ ಕಣ್ಣು ಬಿಟ್ಟಿದ್ದರೆ ಗೊತ್ತಾಗುತ್ತಿತ್ತು, ಪುಣ್ಯಾತ್ಮ!

"ಹಾಗಾದ್ರೆ ಅವಳು... ನಾನೇನಾ?" ಗಿಣಿ ಅಳುತ್ತಲೇ ಕೇಳಿದಳು.

"ನಾನು ಇಷ್ಟು ದಿನ ಕೇಳಿದ್ದು ನಿಮ್ಮನ್ನೇ. ಇಷ್ಟಪಟ್ಟಿದ್ದೂ ನಿಮ್ಮನ್ನೇ. ಅವಳು ಸಿಗಲಿಲ್ಲ ಅಂತ ನಿಮ್ಮನ್ನೇ ಬಿಟ್ಟು ಓಡ್ತಿದ್ದೆ!" ನಗಲೋ ಅಳಲೋ ತಿಳಿಯದೆ ತಲೆ ಕೆರೆದುಕೊಂಡ. ಕೆನ್ನೆಯ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.

"ಆ ಸಿನಿಮಾ..." ಅವಳು ಮೂಗು ಒರೆಸಿಕೊಂಡಳು. "ನನಗೆ ಒಂಚೂರೂ ಹಿಡಿಸಲಿಲ್ಲ. ಹೇಳದೆ ಕೇಳದೆ ಹೋದವನಿಗೆ ಅವಳು ಅಷ್ಟು ವರ್ಷ ಯಾಕೆ ಕಾಯಬೇಕು? ಹೋಗಬೇಡ ಅಂತ ಮೊದಲ ದಿನಾನೇ ಹೇಳಬೇಕಿತ್ತು!"

"ಹೇಳಿದ್ರೆ ಅವನು ಉಳೀತಿದ್ದ ಅಂತೀರಾ?"

"ಗೊತ್ತಿಲ್ಲ. ಹೋಗಬೇಡಿ."

ಅವನು ಪೆಟ್ಟಿಗೆಯಿಂದ ಆ ಎತ್ತರದ ಚಪ್ಪಲಿಗಳನ್ನು ತೆಗೆದು ಮತ್ತೆ ಕಲ್ಲುಚಪ್ಪಡಿಯ ಪಕ್ಕ ಇಟ್ಟ. ಮೈಕನ್ನು ಆಚೆ ಸರಿಸಿದ. ರೂಢಿಯಂತೆ ಕಣ್ಣು ಮುಚ್ಚಲು ಹೋಗಿ, ನಾಚಿ, ಬಿಟ್ಟುಕೊಂಡೇ ಕೂತ.

"ಮತ್ತೆ ನಾನು? ನನ್ನ ಬಗ್ಗೆ ಏನು ಅಭಿಪ್ರಾಯ?"

"ಪರವಾಗಿಲ್ಲ. ಚೆನ್ನಾಗಿದೀರಿ," ಎಂದಳು. ಮುಖ ಪಕ್ಕಕ್ಕೆ ತಿರುಗಹೊರಟಿತು. ತಿರುಗಲು ಬಿಡಲಿಲ್ಲ. ಇಷ್ಟು ವರ್ಷ ಪಕ್ಕಕ್ಕೆ ಬಿಟ್ಟ ಆ ಉಸಿರನ್ನು ಮೊದಲ ಸಲ ನೇರವಾಗಿ, ಅವನ ಎದುರಿಗೇ ಬಿಟ್ಟಳು. ಈ ಸಲ ಅದು ದಣಿದಿರಲಿಲ್ಲ.

"ಕೇಳಿಸ್ತಾ?" ಅವಳ ದನಿ ಸಣ್ಣದಾಯಿತು. "ಈಗ ಎಲ್ಲಿದಾಳೆ ಅವಳು?"

"ಇಲ್ಲೇ," ಎಂದ. "ನನ್ನೆದುರಿಗೆ."