ತುಂಬಿದ ತೊಟ್ಟಿಯ ಸುಳ್ಳಪ್ಪ

"ಏನ್ರೀ, ಮೇಲೆ ಕೆರೆ ಏನಾದ್ರೂ ಒಡೆದಿದ್ಯಾ? ಕೆಳಗೆ ನನ್ನ ಹಾಸಿಗೆ ತೇಲ್ತಾ ಇದೆ!"

ಅವಳು ಓಡಿಬಂದು ಬಾಗಿಲು ತೆರೆದಳು. ಕೆಳಗಿನ ಮನೆಯವನು ನಿಂತಿದ್ದ. ತಲೆ ಒದ್ದೆ, ಅಂಗಿ ಒದ್ದೆ, ಕಣ್ಣು ಮಾತ್ರ ಕೆಂಡ.

ಅವಳ ಕಾಲಡಿಯಲ್ಲೂ ನೀರು ಪಚಪಚ ಅನ್ನುತ್ತಿತ್ತು.

ಅವಳು ಮನೆಯೊಳಗೆ ಮಣ್ಣಿಲ್ಲದೆ ಸೊಪ್ಪು ಬೆಳೆಯುವವಳು. ಒಂದು ಕೋಣೆ ತುಂಬ ಪೈಪು, ಪೈಪಿನ ತೂತುಗಳಲ್ಲಿ ಗಿಡ, ಕೆಳಗೆ ಗೊಬ್ಬರ ಕರಗಿಸಿದ ನೀರಿನ ತೊಟ್ಟಿ. ತೊಟ್ಟಿ ಖಾಲಿಯಾದರೆ ಸೆನ್ಸರ್ ಹೇಳಬೇಕು, ನಲ್ಲಿ ತಾನಾಗಿ ತೆರೆದುಕೊಳ್ಳಬೇಕು. ಆದರೆ ಆ ಸೆನ್ಸರ್ ಗಂಟಲವರೆಗೆ ಮುಳುಗಿಕೊಂಡೇ 'ನೀರಿಲ್ಲ, ನೀರಿಲ್ಲ' ಅನ್ನುತ್ತಿತ್ತು!

"ಕ್ಷಮಿಸಿ... ನಿಮ್ಮ ಹಾಸಿಗೆ ನಾನೇ ಒಣಗಿಸಿ ಕೊಡ್ತೀನಿ," ಅಂದಳು.

ಆ ಮುಖ ನೋಡಿ ಅವನ ಸಿಟ್ಟು ಅರ್ಧಕ್ಕೆ ಇಳಿಯಿತು. ಪ್ಯಾಂಟು ಮಡಚಿದ. "ಹಾಸಿಗೆ ಇರ್ಲಿ, ಸೆನ್ಸರ್ ತೋರಿಸಿ. ನಾನು ಲಿಫ್ಟ್ ರಿಪೇರಿ ಮಾಡೋನು."

ತೊಟ್ಟಿಯಿಂದ ಸೆನ್ಸರಿನ ಎರಡು ಕಡ್ಡಿ ಎತ್ತಿದ. "ನೋಡಿ, ಉಪ್ಪು ಕಟ್ಟಿದೆ. ನೀರು ಮುಟ್ಟಿದ್ರೂ ಇದಕ್ಕೆ ತಿಳಿಯಲ್ಲ." ಹಳೇ ಬ್ರಷ್ಷಿನಿಂದ ಉಜ್ಜಿಕೊಟ್ಟು ಹೋದ.

ಕೆಲವು ದಿನ ಕಳೆದು ಅದು ಮತ್ತೆ ಸುಳ್ಳು ಹೇಳಿತು. "ಇವನಿಗೆ ಸುಳ್ಳಪ್ಪ ಅಂತಲೇ ಹೆಸರಿಡೇ," ಅಂದರು ಅವಳ ಜೊತೆಗಿದ್ದ ಅಜ್ಜಿ. ಅಜ್ಜಿ-ಮೊಮ್ಮಗಳ ನಡುವೆ ಆ ಹೆಸರೇ ನಿಂತಿತು.

ಎರಡನೇ ಸಲ ಬಂದವನು ಬಹಳ ಹೊತ್ತು ಕೂತು ನೋಡಿದ. "ಬಿಡದೆ ಕರೆಂಟ್ ಹರಿದು ಕಡ್ಡಿ ಸವೀತಿದೆ. 'ಇದೆಯಾ, ಇದೆಯಾ' ಅಂತ ಪ್ರಾಣ ತಿಂದ್ರೆ ಅದಾದ್ರೂ ಏನ್ಮಾಡುತ್ತೆ? ಆಗಾಗ ಒಮ್ಮೆ ಕೇಳಿ ಸುಮ್ಮನಿರ್ಬೇಕು." ಸ್ಟೀಲ್ ಕಡ್ಡಿ ಹಾಕಿದ, ಒಂದು ಪುಟ್ಟ ಟೈಮರ್ ಜೋಡಿಸಿದ.

ಆಮೇಲೂ ಕೆಲಸ ಮುಗಿಸಿ ದಿನಾ ಬರುತ್ತಿದ್ದ. ತೊಟ್ಟಿಗೆ ಬಗ್ಗಿ, "ಊಹೂಂ, ಇನ್ನೂ ಪೂರ್ತಿ ಸರಿಹೋಗಿಲ್ಲ. ನಾಳೆ ನೋಡ್ತೀನಿ," ಅನ್ನುತ್ತಿದ್ದ.

ಬಿಲ್ಡಿಂಗಿನವರಿಗೆಲ್ಲ ಅವನು ಲಿಫ್ಟಣ್ಣ. ಅವಳಿಗೆ ಮಾತ್ರ ಅಣ್ಣ ಅನ್ನಲು ನಾಲಿಗೆ ಏಳುತ್ತಿರಲಿಲ್ಲ.

"ಅದೇನೇ, ಸಂಜೆಯಾದ್ರೆ ರೀ... ರೀ... ಅಂತ?" ಅಜ್ಜಿ ಕೆಣಕುವರು.

"ಸುಮ್ನಿರಜ್ಜಿ! ಕೇಳಿಸ್ಕೊಂಡಾರು!"

ಒಂದು ಸಂಜೆ ಅಕ್ಕ ಫೋನು ಮಾಡಿದ್ದಳು. ಬಾಗಿಲು ಓರೆಯಾಗಿತ್ತು. "ಆ ಸುಳ್ಳಪ್ಪನ ಸಹವಾಸ ಸಾಕಾಯ್ತಕ್ಕ. ದಿನಾ ಅದೇ ಗೋಳು! ನಾಳೆನೇ ಆಚೆ ಹಾಕ್ತೀನಿ ನೋಡು!"

ಹೊರಗೆ ಚಪ್ಪಲಿಯ ಸದ್ದಾಯಿತು. ಇಣುಕಿದರೆ ಯಾರೂ ಇಲ್ಲ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ... ಫೋನು ಎತ್ತಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ತಲೆ ತಗ್ಗಿಸಿ ಸರಿದುಹೋದ.

'ನಾನೇನು ತಪ್ಪು ಮಾಡಿದೆ? ಹೀಗೇ ದೂರವಾಗಿಬಿಟ್ಟರೆ...?' ಸೊಪ್ಪು ಕೊಯ್ಯುತ್ತಾ ಕಣ್ಣು ಮಂಜಾಗುತ್ತಿತ್ತು. ಕೋಣೆಯಲ್ಲಿ ಎಲ್ಲ ಹಸಿರಾಗಿತ್ತು, ಅವಳೊಬ್ಬಳೇ ಬಾಡಿದ್ದಳು.

ಕೊನೆಗೆ ಅವನ ಬದಲು ಅವನ ಮೇಸ್ತ್ರಿ ಬಂದರು. ಸೆನ್ಸರ್ ನೋಡಿ ನಕ್ಕರು. "ಇದಕ್ಕೇನೂ ಆಗಿಲ್ಲಮ್ಮ! ಸ್ಟೀಲ್ ಕಡ್ಡಿ ಹಾಕಿದಾಗಲೇ ಸರಿಹೋಗಿದೆ."

"ಮತ್ತೆ ಅವರು ದಿನಾ ಸರಿಯಿಲ್ಲ ಅಂತಿದ್ರಲ್ಲ?"

"ಅದನ್ನ ಅವನನ್ನೇ ಕೇಳು. 'ನನ್ನ ಸುಳ್ಳು ಅವರಿಗೆ ಗೊತ್ತಾಗಿದೆ, ಸುಳ್ಳಪ್ಪ ಅಂತಾರೆ, ಆಚೆ ಹಾಕ್ತಾರಂತೆ' ಅಂತ ಊಟ ಬಿಟ್ಟು ಕೂತಿದ್ದಾನೆ."

ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ಅಜ್ಜಿ ಗದರಿದರು, "ನನ್ನ ಮುಖ ಏನು ನೋಡ್ತೀಯೇ? ಓಡು!"

ಅವನು ಕೆಳಗೆ ಲಿಫ್ಟಿನ ಗುಂಡಿಯೊಳಗೆ ನಿಂತು ಕೆಲಸ ಮಾಡುತ್ತಿದ್ದ. ತಲೆ ಮಾತ್ರ ನೆಲದ ಮಟ್ಟಕ್ಕೆ ಕಾಣುತ್ತಿತ್ತು. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ರೀ... ಸುಳ್ಳಪ್ಪ ಅಂದಿದ್ದು ಸೆನ್ಸರಿಗೆ! ಅದಕ್ಕೆ ಅಜ್ಜಿ ಇಟ್ಟ ಹೆಸರು ಅದು!"

ಅವನ ಕೈಯಿಂದ ಸ್ಪ್ಯಾನರ್ ಜಾರಿತು. "ಸೆನ್ಸರಿಗಾ...? ಅದು ಪಾಪ, ನಿಜಾನೇ ಹೇಳ್ತಿತ್ತು. ಸುಳ್ಳು ಹೇಳಿದ್ದು ನಾನು."

"ಯಾಕೆ ಹೇಳಿದ್ರಿ?"

"ಸರಿಹೋಯ್ತು ಅಂದ್ಬಿಟ್ರೆ ಮರುದಿನ ಏನಂತ ಬಾಗಿಲು ತಟ್ಲಿ?"

ಅವಳು ಗುಂಡಿಯ ಅಂಚಿಗೆ ಇನ್ನಷ್ಟು ಸರಿದಳು. "ಕಾರಣ ಇಲ್ದೆ ಬರೋಕಾಗಲ್ವಾ?"

"ಸುಮ್ನೆ ಬಂದವನಿಗೆ ಏನಂತೀರಿ?"

"ಕೂತ್ಕೊಳ್ಳಿ ಅಂತೀನಿ."

"ಹೊರಡ್ತೀನಿ ಅಂದ್ರೆ?"

"ಬೇಡ ಅಂತೀನಿ..."

"ಎಷ್ಟು ದಿನ ಹಾಗಂತೀರಿ?"

"ನೀವು ಹೊರಡ್ತೀನಿ ಅನ್ನೋದನ್ನ ಮರೆಯೋವರೆಗೂ."

ಅವನು ಕೈ ಚಾಚಿದ. ಕೈ ನೋಡಿಕೊಂಡು ತಟ್ಟನೆ ಹಿಂದಕ್ಕೆಳೆದುಕೊಂಡ. ಅವಳು ಬಿಡದೆ ಹಿಡಿದುಕೊಂಡಳು.

"ಅಯ್ಯೋ, ಗ್ರೀಸು ಕಣ್ರೀ! ತೊಳೆದ್ರೂ ಬೇಗ ಹೋಗಲ್ಲ."

"ಹೋಗದಿದ್ರೇ ಒಳ್ಳೇದು," ಅಂದಳು ಅವಳು, ಇನ್ನಷ್ಟು ಬಿಗಿಯಾಗಿ ಹಿಡಿದು.