ಅವನು ಓಡಿಸದ ಕಾರು

"ಸಹಿ ಹಾಕ್ಬೇಡಿ!"

ಪೆನ್ನಿನ ಮೊನೆ ಕಾಗದಕ್ಕೆ ತಾಗುವಷ್ಟರಲ್ಲಿ ಯಾರೋ ಅವಳ ಕೈಯಡಿಯಿಂದ ಕಾಗದವನ್ನೇ ಎಳೆದುಕೊಂಡಿದ್ದರು.

ಅವಳು ಬೆಚ್ಚಿ ತಲೆಯೆತ್ತಿದಳು. ಎದುರಿಗೆ ಸಣಕಲು ಮೈಯ, ಇಸ್ತ್ರಿ ಕಾಣದ ಅಂಗಿಯ ಒಬ್ಬ ಗಂಡಸು. ಕೊರಳಲ್ಲಿ ಕಾರು ಲೀಸ್‌ಗೆ ಕೊಡುವ ಆ ಕಂಪನಿಯದೇ ಗುರುತಿನ ಚೀಟಿ.

"ಏನ್ರೀ ಇದು? ಅರ್ಧ ದಿನ ರಜೆ ಹಾಕಿ ಬಂದಿದ್ದೀನಿ ನಾನು!"

"ದಿನಾ ಎಷ್ಟು ದೂರ ಓಡಾಡ್ತೀರಿ?"

"ಹೋಗ್ತಾ ಬರ್ತಾ ಅರವತ್ನಾಲ್ಕು ಕಿಲೋಮೀಟರ್. ಅದು ನಿಮಗ್ಯಾಕೆ?"

"ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ದಾಟಬಾರದು ಅಂತ ಈ ಕಾಗದದಲ್ಲಿದೆ. ನಿಮಗೆ ಆರು ತಿಂಗಳಿಗೇ ಮುಗಿದುಹೋಗುತ್ತೆ. ಆಮೇಲೆ ಕಾರನ್ನ ಮನೆ ಮುಂದೆ ನಿಲ್ಸಿ ದೃಷ್ಟಿ ತೆಗೀತೀರಾ?"

ಸಿಟ್ಟು ನೆತ್ತಿಗೇರಿದ್ದ ಅವಳಿಗೆ ನಗು ತಡೆಯಲಾಗಲಿಲ್ಲ. ಪಕ್ಕದ ಮೇಜಿನ ಮಾರಾಟಗಾರ ಮಾತ್ರ ಅವನನ್ನು ನುಂಗುವ ಹಾಗೆ ನೋಡುತ್ತಿದ್ದ.

ಅವಳು ಕನ್ನಡಕದ ಗಾಜುಗಳನ್ನು ಅಳತೆಗೆ ತಿಕ್ಕಿ ಚೌಕಟ್ಟಿಗೆ ಕೂರಿಸುವ ಕೆಲಸದವಳು. ಕಾರ್ಖಾನೆ ಊರಾಚೆಗೆ ಹೋಗಿತ್ತು, ಕಂಪನಿ ಬಸ್ಸು ನಿಂತುಹೋಗಿತ್ತು. ಮನೆಯಲ್ಲಿ ಅಮ್ಮ ಒಬ್ಬರೇ. ಕಾರು ಕೊಳ್ಳುವ ತಾಕತ್ತಿಲ್ಲ, ಕೆಲಸ ಬಿಡುವ ಹಾಗೂ ಇಲ್ಲ. ಅದಕ್ಕೇ ಎಲ್ಲಕ್ಕಿಂತ ಚಿಕ್ಕ ಎಲೆಕ್ಟ್ರಿಕ್ ಕಾರನ್ನು ಮೂರು ವರ್ಷದ ಲೀಸ್‌ಗೆ ಕೇಳಿಕೊಂಡು ಬಂದಿದ್ದಳು.

ಅವನು ಬೇರೆ ಕಾಗದ ತಂದ. ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದಿಸಿದ. ಕಚೇರಿಯವರೆಲ್ಲ ಅವನನ್ನು 'ಮೇಷ್ಟ್ರು' ಎಂದು ಕರೆಯುವುದು ಯಾಕೆಂದು ಅವಳಿಗೆ ಆಗಲೇ ಗೊತ್ತಾಯಿತು.

ಕಾರು ಕೈಗೆ ಸಿಕ್ಕ ದಿನ ಮೇಷ್ಟ್ರು ಎಡಗಡೆ ಕೂತು ಅವಳಿಂದಲೇ ಓಡಿಸಿ ಊರೆಲ್ಲ ಸುತ್ತಿಸಿದ.

"ಬ್ರೇಕ್ ಮೇಲೆ ಅಷ್ಟು ಸಿಟ್ಟು ಬೇಡ. ಕಾಲು ಎತ್ತಿದ್ರೆ ಸಾಕು, ತಾನೇ ನಿಧಾನ ಆಗುತ್ತೆ. ಆ ಹೊತ್ತಲ್ಲಿ ಬ್ಯಾಟರಿಗೂ ಒಂದು ಗುಟುಕು ಸಿಗುತ್ತೆ."

"ಸದ್ದೇ ಇಲ್ವಲ್ಲ ಮೇಷ್ಟ್ರೇ! ಓಡ್ತಿದೆಯೋ ನಿಂತಿದೆಯೋ ಗೊತ್ತಾಗಲ್ಲ."

"ಒಳ್ಳೆಯವರು ಹಾಗೇ. ಸದ್ದು ಮಾಡಲ್ಲ."

*ಅಬ್ಬಾ, ತನ್ನ ಬಗ್ಗೇನೇ ಹೇಳ್ಕೊಳ್ತಿದ್ದಾನೆ!* ಅಂದುಕೊಂಡಳು. ಆದರೆ ಆ ಮಾತು ಸಂಜೆಯವರೆಗೂ ಕಿವಿಯಲ್ಲೇ ಇತ್ತು.

ಅವನ ಬಾಡಿಗೆ ಕೋಣೆ ಅವಳ ದಾರಿಯಲ್ಲೇ. ಒಂದು ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದವನನ್ನು ಹತ್ತಿಸಿಕೊಂಡಳು. ಮಾರನೆಯ ದಿನವೂ. ವಾರ ಕಳೆಯುವಷ್ಟರಲ್ಲಿ ಅವನಿಲ್ಲದ ದಾರಿ ಅವಳಿಗೆ ಉದ್ದವಾಗಿ ಕಾಣತೊಡಗಿತು.

ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಮೂವತ್ತು ವರ್ಷ ಊರಿನ ಮಾತನ್ನೆಲ್ಲ ಕೂಡಿಸಿದ ಬಾಯಿ. ಭಾನುವಾರ ಚಾರ್ಜಿಂಗ್ ಪ್ಲಗ್ಗಿನ ವೈರು ಸರಿಮಾಡಲು ಬಂದ ಮೇಷ್ಟ್ರು ಅವರ ಕೈಗೆ ಸಿಕ್ಕಿಬಿದ್ದ.

"ಪುಟ್ಟೀ, ಈ ಹುಡುಗ ಎರಡು ಗಂಟೆ ನನ್ನ ಮಾತು ಕೇಳಿದ ಕಣೇ, ಒಂದು ಸಲಾನೂ ಗಡಿಯಾರ ನೋಡ್ಲಿಲ್ಲ! ಕೈ ಬಿಡ್ಬೇಡ."

"ಅಮ್ಮಾ... ಕೇಳಿಸುತ್ತೆ!"

"ಕೇಳಿಸ್ಲಿ ಅಂತಾನೇ ಹೇಳಿದ್ದು."

ಹೊರಗೆ ಸ್ಕ್ರೂಡ್ರೈವರ್ ಕೆಳಗೆ ಬಿದ್ದ ಸದ್ದಾಯಿತು. ತಾಯಿ ಮಗಳಿಬ್ಬರೂ ಬಾಯಿಗೆ ಸೆರಗು, ದುಪಟ್ಟಾ ಒತ್ತಿಕೊಂಡು ನಕ್ಕರು.

ಒಮ್ಮೆ ಅವಳೇ ಕೀ ಚಾಚಿದ್ದಳು. "ದಿನಾ ನಾನೇನಾ? ಇವತ್ತು ನೀವು ಓಡ್ಸಿ."

ಅವನ ಮುಖ ಒಂದು ಗಳಿಗೆ ಬಾಡಿತು. ಮರುಕ್ಷಣ ನಕ್ಕುಬಿಟ್ಟ. "ಲೀಸ್ ಕಾಗದ ಓದಿದ್ದು ಮರೆತ್ರಾ? ಅದರಲ್ಲಿರೋದು ನಿಮ್ಮ ಹೆಸರೊಂದೇ. ಬೇರೆಯವರು ಓಡ್ಸೋ ಹಾಗಿಲ್ಲ."

*ನಿಯಮದ ಮನುಷ್ಯ!* ಎಂದು ಅವಳು ಪ್ರೀತಿಯಿಂದಲೇ ಅಂದುಕೊಂಡಳು.

ಇನ್ನೊಂದು ಭಾನುವಾರ ಕಾರ್ಖಾನೆಯಲ್ಲಿ ಹೆಚ್ಚಿನ ಕೆಲಸವಿತ್ತು. ಅವಳು ಜೊತೆ ಕೆಲಸದವಳ ಗಾಡಿಯಲ್ಲಿ ಹೋಗಿದ್ದಳು. ಮಧ್ಯಾಹ್ನ ಫೋನು ಹೊಡೆದುಕೊಂಡಿತು. ಮೇಷ್ಟ್ರು! ಅಮ್ಮನನ್ನು ಮಾತಾಡಿಸಲು ಮನೆಗೆ ಹೋಗಿದ್ದ.

"ಅಮ್ಮ ಕುಸಿದುಬಿದ್ರು. ಬಾಯಿ ಒಂದು ಕಡೆಗೆ ಎಳೀತಿದೆ. ಆಂಬುಲೆನ್ಸ್‌ಗೆ ಹೇಳಿದ್ದೀನಿ..."

"ಆಂಬುಲೆನ್ಸ್ ಯಾಕೆ? ಕಾರು ಬಾಗಿಲಲ್ಲೇ ಇದೆಯಲ್ಲ! ಕೀ ಟಿವಿ ಪಕ್ಕದಲ್ಲಿದೆ. ಆಸ್ಪತ್ರೆ ಹತ್ತೇ ನಿಮಿಷ. ಕರ್ಕೊಂಡು ಹೋಗಿ!"

ಆ ಕಡೆ ಕೀ ಎತ್ತಿದ ಸದ್ದು ಕೇಳಿಸಿತು.

"ಕೇಳಿಸ್ತಿದೆಯಾ? ಹೊರಡಿ!"

"ನಾನು... ನಾನು ಓಡ್ಸೋ ಹಾಗಿಲ್ಲ."

"ದಮ್ಮಯ್ಯ ಅಂತೀನಿ!"

"ಆಗಲ್ಲ... ನನ್ನ ಕೈಲಾಗಲ್ಲ..."

ಆಂಬುಲೆನ್ಸ್ ಬಂದದ್ದು ನಲವತ್ತು ನಿಮಿಷದ ಮೇಲೆ.

ಅಮ್ಮನ ಜೀವ ಉಳಿಯಿತು. ಬಲಗೈ, ಬಲಗಾಲು ಉಳಿಯಲಿಲ್ಲ. ಮಾತಂತೂ ಪೂರ್ತಿ ಹೋಯಿತು. "ಇನ್ನೂ ಸ್ವಲ್ಪ ಬೇಗ ಬಂದಿದ್ರೆ..." ಎಂದ ಡಾಕ್ಟರು ಅಲ್ಲಿಗೇ ನಿಲ್ಲಿಸಿದರು. ಆ ಅರ್ಧ ವಾಕ್ಯ ಅವಳ ಎದೆಯಲ್ಲಿ ಕೆಂಡವಾಗಿ ಕೂತಿತು.

ಆಸ್ಪತ್ರೆಯ ಗೋಡೆಗೊರಗಿ ನಿಂತಿದ್ದ ಅವನ ಹತ್ತಿರ ಅವಳು ನೆಟ್ಟಗೆ ನಡೆದುಹೋದಳು.

"ಕಾಗದದಲ್ಲಿ ನಿಮ್ಮ ಹೆಸರಿರಲಿಲ್ಲ ಅಂತ ತಾನೇ? ಕಾರಿಗೆ ಗೀರು ಬಿದ್ರೆ ನಿಮ್ಮ ಕಂಪನಿ ಕೇಳುತ್ತೆ ಅಂತ ತಾನೇ?"

"ಹಾಗಲ್ಲ. ನಿಮಗೊಂದು ವಿಷಯ ಹೇಳ್ಬೇಕಿತ್ತು ನಾನು, ಮೊದಲೇ..."

"ಏನೂ ಹೇಳ್ಬೇಡಿ! ನನ್ನ ಅಮ್ಮನಿಗಿಂತ ನಿಮಗೆ ನಿಯಮ ದೊಡ್ಡದಾಯ್ತು. ನಿಮ್ಮ ಮುಖ ನೋಡೋಕೂ ಆಗ್ತಿಲ್ಲ ನನಗೆ. ಹೋಗಿ!"

ಅವನು ಅಮ್ಮ ಮಲಗಿದ್ದ ಕೋಣೆಯ ಕಡೆ ಒಮ್ಮೆ ನೋಡಿ, ಮೆಟ್ಟಿಲಿಳಿದು ಹೋದ.

ತಿಂಗಳೊಪ್ಪತ್ತಿನಲ್ಲಿ ಬೇರೆ ಊರಿನ ಶಾಖೆಗೆ ಕೇಳಿ ವರ್ಗ ಮಾಡಿಸಿಕೊಂಡನೆಂದು ಸುದ್ದಿ ಬಂತು.

*ತಪ್ಪು ಮಾಡಿದವರು ತಾನೇ ಊರು ಬಿಡೋದು!* ಎಂದು ಮನಸ್ಸನ್ನು ಕಲ್ಲು ಮಾಡಿಕೊಂಡಳು. ಕಲ್ಲಾಯಿತೇ? ಇಲ್ಲ... ಅವನ ಬಸ್ ನಿಲ್ದಾಣ ಹತ್ತಿರವಾದಾಗಲೆಲ್ಲ ಅವಳ ಕಾಲು ತಾನಾಗಿ ಮೇಲೇಳುತ್ತಿತ್ತು, ಕಾರು ನಿಧಾನವಾಗುತ್ತಿತ್ತು. ಎಷ್ಟೋ ಬೆಳಿಗ್ಗೆ ಕಾರ್ಖಾನೆಯ ಅಂಗಳದಲ್ಲಿ ಕಾರು ನಿಲ್ಲಿಸಿ, ಗಾಜು ಏರಿಸಿಕೊಂಡು, ಅತ್ತು ಮುಖ ಒರೆಸಿಕೊಂಡೇ ಒಳಗೆ ಹೋದಳು.

ಮನೆಯಲ್ಲಿ ಅಮ್ಮನಿಗೆ ತುತ್ತು ತಿನ್ನಿಸುತ್ತಾ ಮನಸ್ಸಿನ ವಿಷವೆಲ್ಲ ಕಾರುತ್ತಿದ್ದಳು.

"ಎಷ್ಟು ನಂಬಿದ್ವಿ ಅಲ್ವಾಮ್ಮ ಅವನನ್ನ?"

ಆಗೆಲ್ಲ ಅಮ್ಮ ಎಡಗೈಯಿಂದ ಹಾಸಿಗೆ ಬಡಿಯುತ್ತಿದ್ದರು. ಮುಖ ಕೆಂಪಾಗುತ್ತಿತ್ತು, ಕಣ್ಣು ತುಂಬುತ್ತಿತ್ತು. ಗಂಟಲಿಂದ "ಆ... ಆ..." ಎಂಬ ಸದ್ದಷ್ಟೇ.

"ಆಯ್ತಮ್ಮ, ಆಯ್ತು. ಇನ್ನು ಅವನ ಸುದ್ದಿ ಎತ್ತಲ್ಲ."

ಅಮ್ಮ ಇನ್ನೂ ಜೋರಾಗಿ ಬಡಿಯುತ್ತಿದ್ದರು.

ಮಾತು ಕಲಿಸುವ ಥೆರಪಿಸ್ಟ್ ವಾರಕ್ಕೆ ಮೂರು ಸಲ ಮನೆಗೆ ಬರುತ್ತಿದ್ದರು. ಏಳು ತಿಂಗಳ ಮೇಲೆ ಅಮ್ಮ "ನೀರು" ಎಂದರು. ಆಮೇಲೆ "ಪುಟ್ಟಿ". ಆ ದಿನ ಅವಳು ಮನೆಯೆಲ್ಲ ಕುಣಿದಾಡಿದ್ದಳು.

ಹತ್ತನೇ ತಿಂಗಳು. ಥೆರಪಿಸ್ಟ್ ಚಿತ್ರದ ಕಾರ್ಡು ಒಂದೊಂದೇ ತೋರಿಸುತ್ತಿದ್ದರು. ಮರ. ಕುರ್ಚಿ. ಕಾರು.

ಕಾರು ಕಂಡದ್ದೇ ಅಮ್ಮ ಆ ಕಾರ್ಡನ್ನು ಎಡಗೈಯಲ್ಲಿ ಕಿತ್ತುಕೊಂಡು ಮಗಳತ್ತ ಚಾಚಿದರು.

"ಅವ್ನು..."

"ಯಾರಮ್ಮ?"

"ಮೇ...ಷ್ಟ್ರು."

ಅವಳ ಮುಖ ಬಿಗಿಯಿತು. "ಬಿಡಮ್ಮ ಅದನ್ನ."

"ಬಿಡಲ್ಲ!" ಎಂದರು ಅಮ್ಮ. ಅಷ್ಟು ಸ್ಪಷ್ಟವಾಗಿ! ಹಣೆಯಲ್ಲಿ ಬೆವರೊಡೆಯಿತು. "ಫಿ...ಟ್ಸು. ಅವ್ನಿಗೆ... ಫಿಟ್ಸು."

ಅವಳು ಅಮ್ಮನ ಹತ್ತಿರಕ್ಕೆ ಸರಿದು ಕೂತಳು.

ಮಾತು ಒಂದೊಂದಾಗಿ ಬಂತು. ಮಧ್ಯೆ ನೀರು ಕುಡಿಸಬೇಕಾಯಿತು. ಅಂದು ಅವನು ಎರಡು ಸಲ ಕೀ ಎತ್ತಿಕೊಂಡಿದ್ದ, ಎರಡು ಸಲ ಕೆಳಗಿಟ್ಟಿದ್ದ. ನಾಲ್ಕು ಮನೆಯ ಬಾಗಿಲು ಬಡಿದು ಬಂದಿದ್ದ. ಯಾರೂ ಇರಲಿಲ್ಲ. ಕೊನೆಗೆ ನೆಲದ ಮೇಲೆ ಅಮ್ಮನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದ್ದ. ಮೂರು ವಾರದ ಹಿಂದೆ ಮತ್ತೆ ಫಿಟ್ಸ್ ಬಂದಿತ್ತಂತೆ. ಓಡಿಸಬಾರದೆಂದು ಡಾಕ್ಟರು ಬರೆದುಕೊಟ್ಟಿದ್ದು ಇವತ್ತಲ್ಲ, ವರ್ಷಗಳ ಹಿಂದೆ. ನಿಮ್ಮನ್ನು ಕೂರಿಸಿಕೊಂಡು ಹೋಗಿ ದಾರಿಯಲ್ಲೇ ಬಂದುಬಿಟ್ಟರೆ...

"ಅತ್ತ," ಎಂದರು ಅಮ್ಮ. "ತುಂಬಾ... ಅತ್ತ. ನಾ... ಬೇಡ ಅಂದೆ. ಓಡ್ಸ್ಬೇಡ... ಅಂದೆ."

ಅದೇ ಅಮ್ಮನ ಕೊನೆಯ ಮಾತಾಗಿತ್ತು. ಆಮೇಲೆ ಬಾಯಿ ಕಟ್ಟಿಹೋಗಿತ್ತು.

*ಹತ್ತು ತಿಂಗಳು! ಅಮ್ಮ ಹಾಸಿಗೆ ಬಡೀತಿದ್ದಿದ್ದು ಅವನ ಮೇಲಿನ ಸಿಟ್ಟಿಗಲ್ಲ. ನನ್ನ ಬಾಯಿ ಮುಚ್ಚಿಸೋಕೆ...*

ಅವಳು ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿದಳು. ಅಮ್ಮನ ಎಡಗೈ ಅವಳ ತಲೆಯ ಮೇಲೆ ಬಂತು.

"ಹೋಗು," ಎಂದರು ಅಮ್ಮ.

ಮಾರನೆಯ ಬೆಳಿಗ್ಗೆ ಅಮ್ಮನ ಹತ್ತಿರ ಚಿಕ್ಕಮ್ಮನನ್ನು ಬಿಟ್ಟು ಹೊರಟಳು. ಅವನ ಶಾಖೆಯಿದ್ದ ಊರು ನೂರಹತ್ತು ಕಿಲೋಮೀಟರ್, ಒಂದು ಚಾರ್ಜಿಗೆ ಕಷ್ಟದಿಂದ ಮುಟ್ಟುವಷ್ಟು ದೂರ. ಬ್ಯಾಟರಿ ಉಳಿಸಲು ಎಸಿ ಆರಿಸಿ, ಬೆವರುತ್ತಾ, ಲಾರಿಗಳ ಹಿಂದೆ ಮೆಲ್ಲಗೆ ಓಡಿಸಿದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಅವನನ್ನು ಕಂಡಾಗ ಒಂದೂ ಉಳಿಯಲಿಲ್ಲ.

ಅವನು ಇನ್ನೂ ಸೊರಗಿದ್ದ. ಅಂಗಳದಲ್ಲಿ ವಯಸ್ಸಾದ ದಂಪತಿಗೆ ಚಾರ್ಜರ್ ಚುಚ್ಚುವುದನ್ನು ತೋರಿಸುತ್ತಿದ್ದವನು ಅವಳನ್ನು ಕಂಡು ಹಾಗೇ ನಿಂತ.

"ಅಮ್ಮ...?" ಎಂದ ಗಾಬರಿಯಿಂದ.

"ಮಾತಾಡಿದ್ರು. ನಿಮ್ಮ ವಿಷಯಾನೇ ಮಾತಾಡಿದ್ರು."

ಅವನ ಕಣ್ಣು ಕೆಳಗಿಳಿಯಿತು.

ಕಚೇರಿಯ ಹಿಂದೆ, ಬಿಸಿಲು ಬೀಳದ ಕಟ್ಟೆಯ ಮೇಲೆ ಇಬ್ಬರೂ ಕೂತರು.

"ಯಾಕೆ ಹೇಳ್ಲಿಲ್ಲ ನನಗೆ?"

"ಹೇಳಿದ್ದಕ್ಕೇ ಒಂದು ಸಂಬಂಧ ಮುರಿದಿತ್ತು. ಅವರ ಮನೆಯವರು ನಾನು ಕುಡಿದ ಲೋಟ ಬಿಸಾಕಿದ್ರು, ಅಂಟುರೋಗ ಅನ್ನೋ ಹಾಗೆ. ನಿಮ್ಮ ಹತ್ರ ಇವತ್ತು ಹೇಳೋಣ, ನಾಳೆ ಹೇಳೋಣ ಅಂತ... ಆಮೇಲೆ ಹೇಳಿದ್ರೆ ನೆಪ ಹೇಳಿದ ಹಾಗೆ ಆಗ್ತಿತ್ತು." ಅವನು ಕೊರಳ ಗುರುತಿನ ಚೀಟಿಯನ್ನು ಬೆರಳಿಗೆ ಸುತ್ತಿಕೊಂಡ. "ಧೈರ್ಯ ಮಾಡಿ ಓಡ್ಸಿದ್ರೆ ಅಮ್ಮನ ಕೈಕಾಲು ಉಳೀತಿತ್ತೇನೋ. ದಿನಾ ಅದನ್ನೇ ಕೇಳ್ಕೊಳ್ತೀನಿ."

ಉಳಿಯುತ್ತಿರಲಿಲ್ಲವೆಂದು ಸಮಾಧಾನದ ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

"ಇನ್ಮೇಲೆ ಇಬ್ಬರೂ ಕೇಳ್ಕೊಳ್ಳೋಣ," ಎಂದಳು. "ಒಬ್ಬರೇ ಹೊರೋದು ಬೇಡ. ನಾನು ನಿಮ್ಮನ್ನ ತುಂಬಾ ನೋಯ್ಸಿದೆ... ಕ್ಷಮಿಸ್ತೀರಾ?"

ಅವನು ತಲೆಯಾಡಿಸಿದ. ಅವಳ ಬೆರಳುಗಳನ್ನು ಹಿಡಿದುಕೊಂಡ. ಇಬ್ಬರೂ ಅತ್ತರು.

ಆಮೇಲೆ ಅವಳು ಮೂಗು ಒರೆಸಿಕೊಂಡು, ಪಾಠ ಹೇಳಿಸಿಕೊಳ್ಳುವ ಹುಡುಗಿಯಂತೆ ನೆಟ್ಟಗೆ ಕೂತಳು.

"ಸರಿ, ಹೇಳಿಕೊಡಿ. ಫಿಟ್ಸ್ ಬಂದಾಗ ನಾನೇನು ಮಾಡ್ಬೇಕು?"

ಅವನು ಅವಳ ಮುಖವನ್ನೇ ನೋಡಿದ. ಇಲ್ಲಿಯವರೆಗೆ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ.

"ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸ್ಬೇಕು. ಬಾಯಿಗೆ ಏನೂ ತುರುಕಬಾರದು. ಅದುಮಿ ಹಿಡೀಬಾರದು. ಐದು ನಿಮಿಷ ದಾಟಿದ್ರೆ ಆಸ್ಪತ್ರೆ."

"ಆಮೇಲೆ?"

"ಆಮೇಲೆ ಎಚ್ಚರ ಆಗುತ್ತೆ. ಆದ್ರೆ..." ಅವನು ತಡೆದ. "ಸ್ವಲ್ಪ ಹೊತ್ತು ಎಲ್ಲಿದ್ದೀನಿ ಅಂತ ತಿಳಿಯಲ್ಲ. ಎದುರಿಗಿರೋರು ಯಾರು ಅಂತಾನೂ. ನಿಮ್ಮನ್ನೇ ನೋಡಿ, 'ನೀವ್ಯಾರು?' ಅಂತ ಕೇಳಿಬಿಡ್ತೀನೇನೋ."

"ಕೇಳಿ."

"ಬೇಜಾರಾಗಲ್ವಾ?"

"ಹೇಳ್ತೀನಿ ಅಷ್ಟೇ."

"ಏನಂತ?"

ಅವಳು ಅವನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

"ನಿಮ್ಮವಳು ಅಂತ."