ಕೆರೆದು ಹಾಕಿದ ಹೆಸರು

ಜಪಾನಿಯರು ಸೋತು ಊರು ಬಿಟ್ಟ ಮರುವರ್ಷ, ಪಿತೃಗಳ ಹಬ್ಬದ ಬೆಳಿಗ್ಗೆ, ಚೂ ಮನೆತನದ ಹಿರಿಯ ಹಾನ್‌ಶೆಂಗ್ ಏದುಸಿರು ಬಿಡುತ್ತ ಔಷಧಿ ಅಂಗಡಿಗೆ ಬಂದ.

"ತಾವ್ ಅಕ್ಕ, ನಮ್ಮ ಮನೆ ಮಾನ ಹೋಯ್ತು! ತೀರಿಕೊಂಡ ನಮ್ಮ ಹುಡುಗ ವೆನ್‌ಬಿಂಗನ ನೆನಪಿನ ಫಲಕದಿಂದ ಅವನ ಹೆಸರನ್ನೇ ಯಾರೋ ಕೆರೆದು ಹಾಕಿದಾರೆ. ಮಧ್ಯಾಹ್ನ ಅದನ್ನ ಗೋಡೆಗೆ ಏರಿಸೋಕೆ ಊರೆಲ್ಲ ಸೇರ್ತದೆ!"

ಹೆಂಗ್‌ಚಿಯಾವ್ ಊರಿನಲ್ಲಿ ಕೋಳಿ ಕಳುವಾದರೂ ಕೊಲೆಯಾದರೂ ಜನ ಮೊದಲು ಓಡಿಬರುತ್ತಿದ್ದುದು ಔಷಧಿ ಮಾರುವ ತಾವ್ ಶಿಫೆನ್ ಬಳಿಗೆ. ಐವತ್ತು ದಾಟಿದ ಆ ಹೆಂಗಸು ತಕ್ಕಡಿ ಕೆಳಗಿಟ್ಟು, ಬೇರು ಅರೆಯುತ್ತಿದ್ದ ಕೆಲಸದ ಹುಡುಗಿ ಸುಮೇಯನ್ನು ಕರೆದಳು. "ಬಾರೆ, ಹೋಗಿ ನೋಡೋಣ."

ಎಂಟು ವರ್ಷದಿಂದ ಸುಮೇ ಅವಳ ನೆರಳು. ಆದರೆ ಈ ಸಲದಷ್ಟು ಅವಸರ ಅವಳಿಗೆ ಎಂದೂ ಆಗಿರಲಿಲ್ಲ. ಮೂರು ವರ್ಷದ ಹಿಂದೆ ನಾಲ್ವರು ಹೆಂಗಸರು ದೋಣಿಯಲ್ಲಿ ಕಳಲೆ ರಾಶಿಯಡಿ ಔಷಧಿ ಬಚ್ಚಿಟ್ಟು, ಬೆಟ್ಟದ ಹೋರಾಟಗಾರರಿಗೆ ಒಯ್ಯುವಾಗ ಕಾಲುವೆಯ ತೂಬಿನ ಬಳಿ ಜಪಾನಿ ಸೈನಿಕರಿಗೆ ಸಿಕ್ಕಿಬಿದ್ದಿದ್ದರು. ಮೂವರು ಸತ್ತರು. ಅವರಲ್ಲೊಬ್ಬಳು ಸುಮೇಯ ಅಕ್ಕ ಯೂಲಾನ್. ತೂಬು ಕಾಯುತ್ತಿದ್ದ ವೆನ್‌ಬಿಂಗನ ಹೆಣವೂ ಅದೇ ದಡದಲ್ಲಿ ಸಿಕ್ಕಿತ್ತು. ಹೆಂಗಸರನ್ನು ಉಳಿಸಹೋಗಿ ಗುಂಡಿಗೆ ಎದೆಯೊಡ್ಡಿದ ಎಂದು ಊರು ಅವನನ್ನು ಕೊಂಡಾಡಿತು. ಬದುಕಿ ಬಂದವಳು ಆಲಿಂಗ್ ಒಬ್ಬಳೇ. ಗುಟ್ಟು ಮಾರಿದವಳು ಅವಳೇ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಸುಮೇಯಂತೂ ಅವಳ ಹೊಸ್ತಿಲಿಗೆ ಮುಸುರೆ ನೀರು ಎರಚಿ ಬಂದಿದ್ದಳು.

"ಇದು ಆ ಆಲಿಂಗ್‌ದೇ ಕೆಲಸ," ದಾರಿಯಲ್ಲಿ ಹಾನ್‌ಶೆಂಗ್ ಹೇಳಿದ. "ಬೆಳಿಗ್ಗೆ ಹಿತ್ತಿಲ ಮೆಟ್ಟಿಲಿಗೆ ಕಳಲೆ ಮಾರೋಕೆ ಬಂದಿದ್ಲು."

"ಎಷ್ಟು ಹೊತ್ತಿದ್ಲು?"

"ಬುಟ್ಟಿ ತೂಗಿಕೊಡೋವಷ್ಟು ಹೊತ್ತು."

ಹಿಂದಿನ ಸಂಜೆ ಬಡಗಿ ತಂದುಕೊಟ್ಟಿದ್ದ ಫಲಕ ನಡುಮನೆಯ ಬೆಂಚಿನ ಮೇಲಿತ್ತು. ಅದಕ್ಕೆ ಹೊದಿಸಿದ ಕೆಂಪು ಬಟ್ಟೆಯ ದಾರ ಅಚ್ಚುಕಟ್ಟಾಗಿ ಕಟ್ಟಿತ್ತು; ಬೆಳಿಗ್ಗೆ ತಾನು ಬಿಚ್ಚುವಾಗಲೂ ಹೀಗೇ ಕಟ್ಟಿತ್ತು, ನೋಡಿ ಮತ್ತೆ ಕಟ್ಟಿಟ್ಟೆ ಎಂದ ಹಾನ್‌ಶೆಂಗ್. ಬಿಚ್ಚಿ ನೋಡಿದರೆ ಹೆಸರಿನ ಮೂರು ಅಕ್ಷರವಿದ್ದಲ್ಲಿ ನೂರಾರು ಸಣ್ಣ ತೂತು ಚುಚ್ಚಿ ಮರ ಕೆರೆದು ಹಾಕಿತ್ತು. ಪಕ್ಕದಲ್ಲಿ 'ಹೆಂಗಸರಿಗಾಗಿ ಪ್ರಾಣ ಕೊಟ್ಟ ವೀರ' ಎಂಬ ಚಿನ್ನದ ಬರಹಕ್ಕೆ ಒಂದು ಗೀರೂ ಇಲ್ಲ. ತಾವ್ ಅಕ್ಕ ತೂತುಗಳ ಮೇಲೆ ಬೆರಳಾಡಿಸಿ ಮೂಸಿದಳು.

"ಮೇಣ," ಎಂದಳು.

ಗೋಡೆಯ ಮೇಲೆ ವೆನ್‌ಬಿಂಗನ ಚಿತ್ರವಿತ್ತು. ಅದರ ಮುಂದಿನ ಊದುಬತ್ತಿಯ ಬಟ್ಟಲಲ್ಲಿ, ಕಡ್ಡಿ ನೆಡಲೆಂದು ತುಂಬಿದ ಬೂದಿ ನಯವಾಗಿ ಹರಡಿತ್ತು. ಒಂದೇ ಒಂದು ಕಡ್ಡಿಯ ಬುಡವಿರಲಿಲ್ಲ. ಕಾಲುವೆಗೆ ಇಳಿಯುವ ಹಿತ್ತಿಲ ಮೆಟ್ಟಿಲ ಕಲ್ಲಿನ ಸಂದಿಯಲ್ಲಿ, ನೀರಿಗೆ ಮುಖಮಾಡಿ, ಸುಟ್ಟ ಕಡ್ಡಿಗಳ ಬುಡ ಕಿಕ್ಕಿರಿದಿದ್ದವು. ಮೂರು ಗುಂಪು.

ವೆನ್‌ಬಿಂಗನ ತಾಯಿ ತಣ್ಣನೆಯ ಚಹಾ ತಂದಿಟ್ಟಳು, ಎಡಗೈಯಲ್ಲಿ. ಬಲ ಅಂಗೈಗೆ ಬಟ್ಟೆ ಸುತ್ತಿತ್ತು.

"ಕೈಗೇನಾಯ್ತು ಅಮ್ಮ?"

"ನಿನ್ನೆ ಬಿಸಿ ಬಾಣಲೆ ತಾಗ್ತು ಕಣಮ್ಮ."

ಅಷ್ಟರಲ್ಲಿ ಅಡುಗೆಯವಳು ಒಳಗಿಂದ ಕೂಗಿದಳು: "ಬಿಸಿ ಚಹಾ ಕೇಳ್ಬೇಡಿ! ಎರಡು ದಿನದಿಂದ ತಂಗಳು ವ್ರತ, ಬೆಂಕಿ ಮುಟ್ಟೋ ಹಾಗಿರ್ಲಿಲ್ಲ; ಒಲೆ ಹಚ್ಚಿದ್ದು ಈಗಷ್ಟೇ!"

ಮಧ್ಯಾಹ್ನ ನಡುಮನೆ ತುಂಬಿತು. ಆಲಿಂಗಳನ್ನೂ ಕರೆಸಿದ್ದರು; ಅವಳ ಪಕ್ಕ ಯಾರೂ ನಿಲ್ಲಲಿಲ್ಲ.

"ಕೆಡಿಸಬೇಕು ಅಂತ ಬಂದೋರು ಫಲಕ ಒಡೀತಾರೆ," ತಾವ್ ಅಕ್ಕ ಶುರುಮಾಡಿದಳು. "ಮತ್ತೆ ಬಟ್ಟೆ ಹೊದಿಸಿ ದಾರ ಕಟ್ಟಲ್ಲ. ಈ ತೂತು ಚಪ್ಪಲಿ ಅಟ್ಟೆ ಹೊಲಿಯೋ ದಬ್ಬಳದ್ದು. ಸಲೀಸಾಗಿ ಇಳೀಲಿ ಅಂತ ದಬ್ಬಳಕ್ಕೆ ಮೇಣ ಸವರ್ತೀವಲ್ಲ, ಅದರ ವಾಸನೆ ಮರದಲ್ಲಿದೆ. ಇಷ್ಟು ತೂತು ಹಾಕೋಕೆ ಒಂದಿಡೀ ಜಾವ ಬೇಕು. ಬುಟ್ಟಿ ತೂಗೋ ಹೊತ್ತಲ್ಲಿ ಆಗೋ ಕೆಲಸ ಅಲ್ಲ. ಆಲಿಂಗ್ ಅಲ್ಲ."

"ಮತ್ಯಾರು?" ಹಾನ್‌ಶೆಂಗ್ ಗುಡುಗಿದ.

"ಒಲೆಯೇ ಹೊತ್ತದ ದಿನ ಬಾಣಲೆಯಿಂದ ಕೈ ಸುಟ್ಕೊಂಡೋರು." ಅವಳ ದನಿ ಇಳಿಯಿತು. "ಅಮ್ಮ, ಮೂರು ವರ್ಷದಲ್ಲಿ ಮಗನಿಗೆ ನೀವು ಒಂದು ಊದುಬತ್ತಿ ಹಚ್ಚಿಲ್ಲ. ನೀರಿನ ಮೆಟ್ಟಿಲಲ್ಲಿ ಮೂವರಿಗೆ ಹಚ್ತಾ ಬಂದಿದೀರಿ. ವೀರ ಅನ್ನೋ ಮಾತು ಉಳಿಸಿ ಹೆಸರು ಮಾತ್ರ ತೆಗೆದ್ರಿ. ಆ ಮಾತು ಸತ್ತ ಆ ಮೂವರಿಗೆ ಸೇರಿದ್ದು ಅಂತ ನಿಮಗೆ ಗೊತ್ತಿತ್ತು. ಅವತ್ತು ಔಷಧಿ ಕಟ್ಟಿಕೊಟ್ಟೋಳು ನಾನು. ದೋಣಿ ಬರೋ ಹೊತ್ತು ನನಗೆ, ಆ ನಾಲ್ವರಿಗೆ, ತೂಬಿನ ಬಾಗಿಲು ತೆಗೆಯೋನಿಗೆ ಬಿಟ್ಟು ಯಾರಿಗೂ ಗೊತ್ತಿರ್ಲಿಲ್ಲ. ಸತ್ತೋನ ಮೇಲೆ ಅನುಮಾನ ಪಡೋಕೆ ಹೆದರಿ ನಾನೂ ಬಾಯಿ ಮುಚ್ಕೊಂಡಿದ್ದೆ."

ಮುದುಕಿ ಅಂಗೈಯ ಬಟ್ಟೆ ಬಿಚ್ಚಿದಳು. ಸುಟ್ಟ ಗಾಯವಿರಲಿಲ್ಲ. ದಬ್ಬಳದ ಹಿಡಿ ಒತ್ತಿ ಒಡೆದ ಬೊಬ್ಬೆಗಳಿದ್ದವು.

"ಅವನನ್ನ ಜಪಾನಿಯರು ಹಿಡಿದು ಹೊಡೆದಿದ್ರು. 'ಹೇಳ್ಬಿಟ್ಟೆ ಅಮ್ಮ' ಅಂದ. ದೋಣಿ ಗುರುತು ತೋರಿಸೋಕೆ ಕರ್ಕೊಂಡು ಹೋಗೋ ಮುಂಚೆ ಒಂದು ಊಟಕ್ಕೆ ಮನೆಗೆ ಬಿಟ್ಟಿದ್ರು. ಬಡಿಸಿದೆ. ಹಿತ್ತಿಲಿಂದ ಓಡಿಹೋಗಿ ಆ ಹುಡುಗೀರಿಗೆ ಒಂದು ಮಾತು ಹೇಳೋಷ್ಟು ಸಮಯ ಇತ್ತು. ಮಗ ಉಳೀತಾನೆ ಅಂತ ಕೂತೆ. ಕೆಲಸ ಮುಗಿದ ಮೇಲೆ ಅವನನ್ನೂ ಕೊಂದ್ರು." ಅವಳು ಆಲಿಂಗಳತ್ತ ತಿರುಗಿದಳು, ಮುಖ ಎತ್ತಲಾಗಲಿಲ್ಲ. "ಇವಳಿಗೆ ಊರು ಉಗಿಯುವಾಗಲೂ ಸುಮ್ಮನೆ ಕೂತೆ. ಇವತ್ತು ಇದನ್ನ ಗೋಡೆಗೆ ಏರಿಸಿಬಿಟ್ರೆ ಇನ್ನು ಇಳಿಯೋದೇ ಇಲ್ಲ ಅನ್ನಿಸ್ತು."

ಹಾನ್‌ಶೆಂಗ್ ಫಲಕವನ್ನು ಮಗುಚಿಟ್ಟ. ಜನ ಒಬ್ಬೊಬ್ಬರಾಗಿ, ಒಬ್ಬರ ಮುಖ ಒಬ್ಬರು ನೋಡದೆ ಹೊರಗೆ ನಡೆದರು.

ಸುಮೇ ಆಲಿಂಗಳ ಹಿಂದೆ ಕಾಲುವೆಯವರೆಗೂ ಹೋದಳು. ಆಲಿಂಗ್ ದೋಣಿಯ ಹಗ್ಗ ಬಿಚ್ಚುತ್ತಿದ್ದಳು.

"ಗುಟ್ಟು ಮಾರಿದ್ದು ನೀನಲ್ಲ ಅಂತ ಯಾಕೆ ಹೇಳ್ಲಿಲ್ಲ ಅಕ್ಕ?"

"ಹೇಳೋಕೆ ಬಂದಿದ್ದೆ. ಬದುಕಿ ಬಂದ ಮೊದಲ ದಿನವೇ, ನಿಮ್ಮನೆ ಬಾಗಿಲಿಗೆ. ಬಾಯಿ ತೆಗೆಯೋ ಮುಂಚೆ ನೀನು ಕದ ಹಾಕ್ಕೊಂಡೆ."

ಸುಮೇಗೆ ಆ ಕದದ ಸದ್ದು ನೆನಪಾಯಿತು. ಅಲ್ಲೇ ಕಲ್ಲಿನ ಮೇಲೆ ಕುಕ್ಕರಿಸಿದಳು. "ತಪ್ಪಾಯ್ತು. ಕ್ಷಮಿಸು ಅನ್ನೋಕೂ ನಾಚಿಕೆಯಾಗ್ತದೆ."

"ಅನ್ನಬೇಡ. ಇವತ್ತು ನನ್ನ ಕೈಲಿ ಆಗಲ್ಲ." ಆಲಿಂಗ್ ಹಗ್ಗ ಸುತ್ತಿ ದೋಣಿಯೊಳಗಿಟ್ಟಳು. ಆಮೇಲೆ ಹೇಳಿದಳು: "ಆದರೆ ಒಂದು ಮಾತು ನಿನಗೆ ಸೇರಿದ್ದು, ನಿಂಗೇ ಕೊಡ್ತೀನಿ. ಅವರು ಬಂದೂಕು ಎತ್ತಿದಾಗ ನಾನಾಗಿ ನೀರಿಗೆ ಹಾರಲಿಲ್ಲ. ಅಷ್ಟು ಧೈರ್ಯ ನನಗಿರ್ಲಿಲ್ಲ. ನಿಮ್ಮಕ್ಕನೇ ಎದ್ದು ನಿಂತು, ನನಗೆ ಅಡ್ಡವಾಗಿ, ನನ್ನ ನೀರಿಗೆ ತಳ್ಳಿದ್ಲು. 'ನೀನು ಈಜ್ತೀಯ, ನೀನು ಬದುಕು' ಅಂದ್ಲು."